ಕೆನ್ನೆಗೆ ಮಿನುಗು ಹಚ್ಚಿಕೊಂಡ ಕಾಲ

ಕಳೆದ ತಿಂಗಳು ನಮ್ಮ ಟೀಮಿನ ಹಿರಿಯರೊಬ್ಬರು ನಿವೃತ್ತರಾದರು. ಪ್ರಾಜೆಕ್ಟ್ ಕೆಲಸದ ಮೇಲೆ ಇಂಗ್ಲೆಂಡಿಗೆ ಬಂದಾಗಿನಿಂದ ಅವರ ಪಕ್ಕದ ಸೀಟೇ ನನ್ನದು. ಕೋಡ್‌ನಲ್ಲಿ ಒಂದು ಸ್ಪೇಸ್ ಹೆಚ್ಚಾದರೂ ವಾಪಸ್ ಕಳಿಸುವ ಆಸಾಮಿ, ನಕ್ಕಿದ್ದು ಕಂಡಿದ್ದೇ ಕಡಿಮೆ. ಬೀಳ್ಕೊಡುಗೆಯ ಸಂಜೆ ಪಬ್‌ನಲ್ಲಿ ಟಿ. ರೆಕ್ಸ್ ತಂಡದ ಹಾಡೊಂದು ಶುರುವಾಯಿತು ನೋಡಿ, ಎದ್ದು ನಿಂತು ಸೊಂಟ ಕುಣಿಸಿಯೇಬಿಟ್ಟರು! ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದ್ದೇ ಬಂತು.

ಆಮೇಲೆ ಕೂತು ಹೇಳಿದರು, ಇದು ಗ್ಲಾಮ್ ರಾಕ್, ನನ್ನ ಹುಡುಗುತನದ ಸಂಗೀತ ಅಂತ.

1971ರಲ್ಲಿ ಟಿ. ರೆಕ್ಸ್‌ನ ಮಾರ್ಕ್ ಬೋಲನ್ ಕೆನ್ನೆಗೆ ಮಿನುಗು ಹಚ್ಚಿಕೊಂಡು ಬಿಬಿಸಿಯ 'ಟಾಪ್ ಆಫ್ ದಿ ಪಾಪ್ಸ್'ನಲ್ಲಿ ಹಾಡಿದ. ಗ್ಲಾಮ್ ರಾಕ್ ಹುಟ್ಟಿದ್ದೇ ಅಲ್ಲಿ ಅನ್ನುವವರು ಬಹಳ ಜನ. ಹಿಂದೆಯೇ ಸ್ಲೇಡ್, ಸ್ವೀಟ್, ರಾಕ್ಸಿ ಮ್ಯೂಸಿಕ್ ಬಂದವು. ಗಂಡಸರು ಎತ್ತರದ ಹಿಮ್ಮಡಿಯ ಬೂಟು, ಜರಿ ಬಟ್ಟೆ ಹಾಕಿ ಕುಣಿದರು. ಅಮೆರಿಕದಿಂದ ಬಂದ ಸೂಜಿ ಕ್ವಾಟ್ರೋ ಚರ್ಮದ ದಿರಿಸಿನಲ್ಲಿ ಬೇಸ್ ಗಿಟಾರ್ ಹಿಡಿದಳು. ಸ್ಲೇಡ್‌ನವರಂತೂ ಹಾಡಿನ ಹೆಸರುಗಳ ಸ್ಪೆಲ್ಲಿಂಗನ್ನು ಬೇಕಂತಲೇ ತಪ್ಪು ಬರೆಯುತ್ತಿದ್ದರು.

1972ರ ಜುಲೈ 6, ಗುರುವಾರ. ಟಿವಿಯಲ್ಲಿ ಡೇವಿಡ್ ಬೋವಿ ಕೆಂಗೂದಲು, ಬಣ್ಣಬಣ್ಣದ ಉಡುಪಿನಲ್ಲಿ 'ಸ್ಟಾರ್‌ಮನ್' ಹಾಡುತ್ತಾ ಗಿಟಾರಿಸ್ಟ್ ಮಿಕ್ ರಾನ್ಸನ್ ಹೆಗಲಿಗೆ ಕೈ ಹಾಕಿದ. ನಮ್ಮ ಹಿರಿಯರಿಗೆ ಆಗ ಹದಿಮೂರು. ಮನೆಗೆ ಒಂದೇ ಟಿವಿ. ಕಾರ್ಖಾನೆಯಿಂದ ಬಂದು ಕೂತಿದ್ದ ಅಪ್ಪ "ಇದೇನು ಗಂಡೋ ಹೆಣ್ಣೋ?" ಅಂದವರೇ ಟಿವಿ ಆರಿಸಿಬಿಟ್ಟರಂತೆ. ಮರುದಿನ ಇವರು ಅಮ್ಮನ ಉಗುರುಬಣ್ಣ ಕದ್ದು ಹಚ್ಚಿಕೊಂಡರು. ಅಪ್ಪ ಬರುವ ಹೊತ್ತಿಗೆ ಉಜ್ಜಿ ಉಜ್ಜಿ ಬೆರಳೆಲ್ಲ ಕೆಂಪು!

"ಅಪ್ಪನಿಗೆ ಸಿಟ್ಟು ಅಂದ್ಕೊಂಡಿದ್ದೆ. ಈಗ ಅನ್ಸತ್ತೆ, ಅವರಿಗೆ ಹೆದರಿಕೆ ಇತ್ತು" ಅಂದರು. ಆ ವರ್ಷ ಫೆಬ್ರವರಿಯಲ್ಲಿ ಗಣಿ ಕಾರ್ಮಿಕರ ಮುಷ್ಕರದಿಂದ ದೇಶದಲ್ಲೆಲ್ಲ ಕರೆಂಟ್ ಕಟ್. 1974ರ ಶುರುವಿನಲ್ಲಿ ವಾರಕ್ಕೆ ಮೂರೇ ದಿನ ಕಾರ್ಖಾನೆ. ಸಂಬಳ ನಿಂತರೆ ಮನೆ ಹೇಗೆ ಅನ್ನೋ ಚಿಂತೆಯಲ್ಲಿದ್ದವರ ಮುಂದೆ ಮಗ ಉಗುರುಬಣ್ಣ ಹಚ್ಚಿಕೊಂಡು ನಿಂತರೆ? ಅಪ್ಪ ಮಗ ಆ ಬಗ್ಗೆ ಕೊನೆಯವರೆಗೂ ಮಾತಾಡಲೇ ಇಲ್ಲವಂತೆ. ಅಷ್ಟು ಹೇಳಿ ಲೋಟ ನೋಡುತ್ತಾ ಕೂತರು.

ಬೋಲನ್ ಸತ್ತಿದ್ದು 1977ರ ಸೆಪ್ಟೆಂಬರ್ 16ರಂದು, ಲಂಡನ್ನಿನ ಬಾರ್ನ್ಸ್ ಬಳಿ ಕಾರು ಅಪಘಾತದಲ್ಲಿ. ಮೂವತ್ತು ತುಂಬಲು ಎರಡೇ ವಾರ ಬಾಕಿ. ಅಭಿಮಾನಿಗಳು ಇಂದಿಗೂ ಅಲ್ಲಿ ಹೂವಿಡುತ್ತಾರೆ. ಮೊನ್ನೆ ಮೊನ್ನೆ ಮೂವತ್ತು ತುಂಬಿದ ನಾನು ಒಂದು ಭಾನುವಾರ ಹೋಗಿ ನೋಡಿಕೊಂಡು ಬಂದೆ.

ಬರುವಾಗ ಅಪ್ಪನಿಗೆ ಫೋನ್ ಮಾಡಿದೆ. "ನೀವು ಹುಡುಗರಾಗಿದ್ದಾಗ ಯಾರ ಹುಚ್ಚು ಹಿಡಿದಿತ್ತು?"

"ಇದೇನೋ ಇದ್ದಕ್ಕಿದ್ದ ಹಾಗೆ?" ಅಂದವರು ಒಂದು ಗಳಿಗೆ ಬಿಟ್ಟು ಶುರುಮಾಡಿದರು. 'ನಾಗರಹಾವು' ಬಂದದ್ದೂ 1972ರಲ್ಲೇ. ರಾಮಾಚಾರಿ ಥರ ಆಗಬೇಕು ಅಂತ ಅಪ್ಪ ಕೂದಲು ಬಿಟ್ಟಿದ್ದರಂತೆ. ತಾತ ಕ್ಷೌರಿಕನನ್ನು ಮನೆಗೇ ಕರೆಸಿ, ಜಗಲಿ ಮೇಲೆ ಕೂರಿಸಿ, ನುಣ್ಣಗೆ ತೆಗೆಸಿದರಂತೆ. ಇಬ್ಬರೂ ನಕ್ಕೆವು.

ನಗು ನಿಂತ ಮೇಲೆ ಅಪ್ಪ ಅಂದರು, "ನೀನು ಇಂಜಿನಿಯರಿಂಗ್ ಓದುವಾಗ ಕಿವಿ ಚುಚ್ಚಿಸ್ಕೊಂಡು ಬಂದಿದ್ಯಲ್ಲ... ನಾನು ಸ್ವಲ್ಪ ಜಾಸ್ತಿನೇ ಕೂಗಾಡಿದೆ ಕಣೋ."

ಹತ್ತು ವರ್ಷ ಆಗಿತ್ತು. ನಾನು ಮರೆತಿದ್ದೀನಿ ಅಂದ್ಕೊಂಡಿದ್ದೆ, ಅವರೂ ಮರೆತಿರಲಿಲ್ಲ. ಏನು ಹೇಳಬೇಕೋ ತೋಚದೆ "ಊಟ ಆಯ್ತಾಪ್ಪ?" ಅಂದೆ.

ನಿಮ್ಮ ಮನೆಯ ಹಿರಿಯರನ್ನೂ ಒಮ್ಮೆ ಕೇಳಿ ನೋಡಿ. ಹಾಡಿನ ಕಥೆ ಹೇಳ್ತಾ ಹೇಳ್ತಾ ಇನ್ನೇನಾದರೂ ಹೇಳಿಯಾರು.