ಬೀದರ್‌ನ ಜಾಹೀರಾತಿಗೆ ಬೆಂಗಳೂರಿನಿಂದ ಕ್ಲಿಕ್: ಇದು ಮೋಸವೇ?

ಭಾಲ್ಕಿಯ ಒಂದು ಕೋಚಿಂಗ್ ಸೆಂಟರ್ ಭಾಲ್ಕಿ, ಔರಾದ ಮತ್ತು ಬೀದರ್ ನಗರಕ್ಕೆಂದೇ ಆನ್‌ಲೈನ್ ಜಾಹೀರಾತು ಕೊಟ್ಟಿದೆ ಎಂದುಕೊಳ್ಳೋಣ. ವಾರದ ನಂತರ ವೆಬ್‌ಸೈಟ್‌ನ ವರದಿ ತೆರೆದರೆ ಬೆಂಗಳೂರು, ಹೈದರಾಬಾದ್ ಎಂಬ ಹೆಸರುಗಳೇ ಹೆಚ್ಚು. 'ನಮ್ಮ ದುಡ್ಡು ಯಾರೋ ತಿಂದರು' ಎಂದು ಕೆಲವರು ಜಾಹೀರಾತನ್ನೇ ನಿಲ್ಲಿಸುತ್ತಾರೆ. 'ಹೈದರಾಬಾದ್‌ನಲ್ಲೂ ನಮಗೆ ಬೇಡಿಕೆ ಇದೆ' ಎಂದು ಇನ್ನು ಕೆಲವರು ಹಿಗ್ಗುತ್ತಾರೆ. ಎರಡೂ ಅವಸರದ ತೀರ್ಮಾನಗಳು.

'ಕ್ಲಿಕ್ ಎಲ್ಲಿಂದ ಬಂತು' ಎಂಬುದರಲ್ಲಿ ಎರಡು ಪ್ರಶ್ನೆಗಳಿವೆ: ಯಾವ ಊರಿನಿಂದ? ಯಾವ ದಾರಿಯಿಂದ?

ಊರು ಗೊತ್ತಾಗುವುದು ಹೇಗೆ?

ಇಂಟರ್ನೆಟ್‌ಗೆ ಸೇರುವ ಪ್ರತಿ ಸಂಪರ್ಕಕ್ಕೂ ಒಂದು ಐಪಿ ವಿಳಾಸ ಇರುತ್ತದೆ. ಆ ಸಂಖ್ಯೆಯೊಳಗೆ ಊರಿನ ಹೆಸರು ಇರುವುದಿಲ್ಲ. ಯಾವ ವಿಳಾಸ ಯಾವ ಊರಿನದ್ದಿರಬಹುದು ಎಂದು ಅಂದಾಜಿಸಿದ ಪಟ್ಟಿಗಳನ್ನು ನೋಡಿ ವರದಿ ಸಿದ್ಧವಾಗುತ್ತದೆ. ಮೊಬೈಲ್ ಡೇಟಾದಲ್ಲಿ ಈ ಅಂದಾಜು ಸುಲಭವಾಗಿ ತಪ್ಪುತ್ತದೆ. ಔರಾದದ ಹಳ್ಳಿಯಲ್ಲಿ ಕುಳಿತವರ ಕ್ಲಿಕ್ ಟವರ್‌ನಿಂದ ನೇರವಾಗಿ ಹೊರಗೆ ಹೋಗುವುದಿಲ್ಲ. ಮೊಬೈಲ್ ಕಂಪನಿಯು ದೊಡ್ಡ ನಗರದಲ್ಲಿ ಇಟ್ಟಿರುವ ಗೇಟ್‌ವೇ ದಾಟಿ ಹೋಗುತ್ತದೆ. ಒಂದೇ ವಿಳಾಸವನ್ನು ನೂರಾರು ಗ್ರಾಹಕರು ಹಂಚಿಕೊಳ್ಳುವುದೂ ಉಂಟು. ಹಾಗಾಗಿ ಸುಮಾರು 700 ಕಿ.ಮೀ. ದೂರದ ಬೆಂಗಳೂರಿನ ಹೆಸರು ವರದಿಯಲ್ಲಿ ಕಾಣಬಹುದು. ಔರಾದ ತಾಲ್ಲೂಕು ಮಹಾರಾಷ್ಟ್ರ, ತೆಲಂಗಾಣ ಎರಡಕ್ಕೂ ತಾಗಿಕೊಂಡಿದೆ. ಗಡಿಯಲ್ಲಿ ಫೋನ್ ಪಕ್ಕದ ರಾಜ್ಯದ ಟವರ್ ಹಿಡಿದರೆ ಗೊಂದಲ ಇನ್ನೂ ಹೆಚ್ಚು.

ಇಂಥ ಅಂದಾಜು ಎಷ್ಟು ತಪ್ಪಬಹುದು ಎಂಬುದಕ್ಕೆ ಅಮೆರಿಕದ ಕಾನ್ಸಾಸ್‌ನ ಒಂದು ತೋಟದ ಮನೆ ಸಾಕ್ಷಿ. 'ಅಮೆರಿಕದಲ್ಲಿ ಎಲ್ಲೋ ಒಂದು ಕಡೆ' ಎಂದಷ್ಟೇ ಗೊತ್ತಿದ್ದ ಕೋಟ್ಯಂತರ ವಿಳಾಸಗಳಿಗೆ ಒಂದು ಪಟ್ಟಿ ಆ ಜಾಗವನ್ನೇ ಗುರುತು ಮಾಡಿತ್ತು. ಕಳ್ಳರನ್ನು ಹುಡುಕಿಕೊಂಡು ಪೊಲೀಸರು ಅಲ್ಲಿಗೆ ಬರುತ್ತಿದ್ದರು. 2016ರಲ್ಲಷ್ಟೇ ಇದರ ಕಾರಣ ಬಯಲಾಯಿತು.

ಆ್ಯಪ್‌ಗೆ ಲೊಕೇಶನ್ ಅನುಮತಿ ಕೊಟ್ಟಿದ್ದರೆ ಮಾತು ಬೇರೆ. ಆಗ ಜಿಪಿಎಸ್‌ನಿಂದ ಜಾಗ ಸಾಕಷ್ಟು ನಿಖರವಾಗಿ ತಿಳಿಯುತ್ತದೆ.

ದಾರಿ ಗೊತ್ತಾಗುವುದು ಹೇಗೆ?

ಒಂದು ಪುಟದಿಂದ ಇನ್ನೊಂದಕ್ಕೆ ಹೋದಾಗ ಬ್ರೌಸರ್ 'ಇಂಥ ಕಡೆಯಿಂದ ಬಂದೆ' ಎಂದು ಸಾಮಾನ್ಯವಾಗಿ ತಿಳಿಸುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಿದರೆ ಅನೇಕ ಸಲ ಈ ಸುಳಿವು ಸಿಗದೆ, ವರದಿಯಲ್ಲಿ 'ಡೈರೆಕ್ಟ್' ಎಂದು ದಾಖಲಾಗುತ್ತದೆ. ಇದಕ್ಕೆ ಪರಿಹಾರ ಲಿಂಕ್‌ನ ಬಾಲಕ್ಕೆ ಗುರುತು ಸೇರಿಸುವುದು. ಇದನ್ನು ಯುಟಿಎಂ ಎನ್ನುತ್ತಾರೆ. ಗೂಗಲ್ 2005ರಲ್ಲಿ ಖರೀದಿಸಿದ ಅರ್ಚಿನ್ ಕಂಪನಿಯಿಂದ ಬಂದ ಹೆಸರಿದು. ಬೀದರ್ ಬಸ್ ನಿಲ್ದಾಣದ ಪೋಸ್ಟರ್‌ಗೆ ಒಂದು ಕ್ಯೂಆರ್ ಕೋಡ್, ಭಾಲ್ಕಿಯ ಕರಪತ್ರಕ್ಕೆ ಇನ್ನೊಂದು ಎಂದು ಬೇರೆ ಬೇರೆ ಗುರುತಿನೊಂದಿಗೆ ಮಾಡಿದರೆ, ಐಪಿ ವಿಳಾಸ ಹೇಳಲಾಗದ್ದನ್ನು ಅವೇ ಹೇಳುತ್ತವೆ.

ಹಾಗಾದರೆ ಮೋಸ ಇಲ್ಲವೇ?

ಇದೆ. 2011ರಲ್ಲಿ ಅಮೆರಿಕದ ಎಫ್‌ಬಿಐ ಬಯಲಿಗೆಳೆದ ಜಾಲವೊಂದು 100ಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಕಂಪ್ಯೂಟರ್‌ಗಳಿಗೆ ವೈರಸ್ ಹಚ್ಚಿ, ಜಾಹೀರಾತುಗಳಿಂದ ಕನಿಷ್ಠ 1.4 ಕೋಟಿ ಡಾಲರ್ ಗಳಿಸಿತ್ತು. ಆದರೆ ಊರಿನ ಹೆಸರು ಬೇರೆ ಇದ್ದ ಮಾತ್ರಕ್ಕೆ ಮೋಸ ಎನ್ನಲಾಗದು. ಒಂದೇ ಗಂಟೆಯಲ್ಲಿ ಕ್ಲಿಕ್‌ಗಳ ಮಳೆ, ಪುಟ ತೆರೆದ ಕ್ಷಣವೇ ನಿರ್ಗಮನ, ಒಂದೂ ಫೋನ್ ಕರೆ ಇಲ್ಲದಿರುವುದು ಒಟ್ಟಿಗೆ ಕಂಡರೆ ಅನುಮಾನಿಸಬೇಕು. ಗೂಗಲ್ ಗುರುತಿಸಿದ 'ಅಮಾನ್ಯ ಕ್ಲಿಕ್'ಗಳಿಗೆ ಹಣ ಪಡೆಯುವುದಿಲ್ಲ. ಅವುಗಳ ಲೆಕ್ಕವನ್ನು ವರದಿಯಲ್ಲಿ ನೋಡಬಹುದು.

ನೀವು ಮಾಡಬಹುದಾದದ್ದು

ಮೊದಲು ಗೂಗಲ್ ಜಾಹೀರಾತಿನ ಲೊಕೇಶನ್ ಸೆಟ್ಟಿಂಗ್ ನೋಡಿ. ತಾನಾಗಿ ಇರುವ ಆಯ್ಕೆಯಲ್ಲಿ ಬೀದರ್‌ನಲ್ಲಿ ಇರುವವರ ಜೊತೆಗೆ ಬೀದರ್ ಬಗ್ಗೆ ಆಸಕ್ತಿ ತೋರಿದವರೂ ಸೇರುತ್ತಾರೆ. ಕೋಟೆ ನೋಡಲು ಬರಬೇಕೆಂದು ಹೈದರಾಬಾದ್‌ನಲ್ಲಿ ಹುಡುಕಿದವರಿಗೂ ನಿಮ್ಮ ಜಾಹೀರಾತು ಕಾಣಬಹುದು. ಬಿದ್ರಿ ಕಲಾಕೃತಿ ಮಾರುವವರಿಗೆ ಇದು ಲಾಭ; ಭಾಲ್ಕಿಯ ಕೋಚಿಂಗ್ ಸೆಂಟರ್‌ಗೆ ನಷ್ಟ. ಅಂಥವರು 'ಈ ಜಾಗದಲ್ಲಿ ಇರುವವರು ಮಾತ್ರ' ಎಂಬ ಆಯ್ಕೆ ಮಾಡಿಕೊಳ್ಳಬೇಕು.

ಎರಡನೆಯದಾಗಿ, ವಿಚಾರಿಸಲು ಬಂದ ಪ್ರತಿಯೊಬ್ಬರನ್ನೂ 'ಯಾವ ಊರು, ನಮ್ಮ ವಿಷಯ ಹೇಗೆ ಗೊತ್ತಾಯಿತು?' ಎಂದು ಕೇಳಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ತಿಂಗಳ ಕೊನೆಗೆ ಅದನ್ನು ವರದಿಯ ಪಕ್ಕದಲ್ಲಿಟ್ಟು ನೋಡಿದ ಮೇಲೆ ಜಾಹೀರಾತು ಮುಂದುವರಿಸಬೇಕೋ ಬೇಡವೋ ನಿರ್ಧರಿಸಿ.