ಎಂಟು ದಿನದ ಹೂಗಿಂಗೆ ಪೈಸೆ ಹಾಕುದು ದಂಡವೋ?

ಓ ಮೊನ್ನೆ ಒಂದು ಜೆಂಬ್ರಲ್ಲಿ ಬಾಳೆ ಹಾಕುವಂದ ಮದಲು ಎಂಗೊ ನಾಲ್ಕು ಜೆನ ಹೆಮ್ಮಕ್ಕೊ ಜೆಗಿಲಿ ಕರೆಲಿ ಕೂದು ಮಾತಾಡಿಗೊಂಡಿತ್ತಿದ್ದೆಯೊ°. ಎನ್ನ ಮಗಳು ಹಾಲೆಂಡಿಂದ ಕಳುಸಿದ ಪಟ ಒಬ್ಬನ ಮೊಬೈಲಿಂದ ಇನ್ನೊಬ್ಬನ ಕೈಗೆ ಹೋತು. ಮೇಜಿನ ಮೇಲೆ ಕುಪ್ಪಿಲಿ ಟ್ಯುಲಿಪ್ ಹೂಗು, ಕರೆಲಿ ಎನ್ನ ಪುಳ್ಳಿ. ಪುಳ್ಳಿಯ ಶುದ್ದಿ ಆರೂ ಮಾತಾಡಿದ್ದವಿಲ್ಲೆ. "ನಿನ್ನ ಮಗಳು ವಾರ ವಾರ ಹೂಗು ತತ್ತಡನ್ನೇ? ದೇವರಿಂಗೂ ಅಲ್ಲ, ತಲಗೂ ಅಲ್ಲ. ಎಂಟು ದಿನಲ್ಲಿ ಕಸವಿಂಗೆ ಹಾಕಲೆ ಅಷ್ಟು ಪೈಸೆಯೋ?" ಹೇಳಿ ಹಿರಿಯ ಅತ್ತೆ ಒಬ್ಬ ಕೇಳಿದವು.

ಅಷ್ಟಪ್ಪಗ ಬಾಳೆಲೆ ಹಾಕಿದವು, ಮಾತು ಅಲ್ಲಿಗೇ ನಿಂದತ್ತು. ಆ ದಿನ ಹೇಳ್ಲೆ ಎಡಿಯದ್ದರ ಇಲ್ಲಿ ಹೇಳ್ತೆ. ಅತ್ತೆ ಓದಿರೆ ಬೇಜಾರ ಮಾಡ್ಲಾಗ. ಎರಡು ವರ್ಷ ಮದಲು ಆನೂ ಅದನ್ನೇ ಹೇಳಿದವಳು.

ನಮ್ಮ ಮನೆಗಳಲ್ಲಿ ಹೂಗು ಹೇಳಿರೆ ಎಂತರ? ಉದಿಯಪ್ಪಗ ಮಿಂದಿಕ್ಕಿ ಜಾಲಿಂಗೆ ಹೋಗಿ ದಾಸನ, ಕೇಪುಳೆ, ನಂದಿಬಟ್ಲು ಕೊಯ್ದು ಹರಿವಾಣಲ್ಲಿ ಹಾಕುದು. ದೇವರಿಂಗೆ ಆಗಿ ಒಳುದರೆ ತಲಗೆ. ಮಲ್ಲಿಗೆ ತಂದರೆ ಬಾಳೆಲೆಲಿ ಕಟ್ಟಿ ತಣ್ಪಿಂಗೆ ಮಡುಗುದು, ಮರದಿನಕ್ಕೂ ಬಾಡ. ಇಷ್ಟು ಗೊಂತಿಪ್ಪ ಎನಗೆ, ಹೂಗಿನ ನೀರಿಲ್ಲಿ ಕುತ್ತಿ ಮೇಜಿಲಿ ಮಡುಗುದು ಹೇಳಿರೆ ಅದು ಹೋಟ್ಲಿನವರ ಕೆಲಸ ಹೇಳಿಯೇ ಲೆಕ್ಕ.

2023ರ ಮಾರ್ಚಿಲ್ಲಿ ಮಗಳ ಬಾಳಂತನಕ್ಕೆ ಹೇಳಿ ಆಮ್‌ಸ್ಟೆಲ್‌ವೀನಿಂಗೆ ಹೋದೆ. ಆಮ್‌ಸ್ಟರ್‌ಡಾಮಿನ ತಾಗಿಗೊಂಡು ಇಪ್ಪ ಊರು, ನಮ್ಮ ದೇಶದವು ತುಂಬ ಇದ್ದವು ಅಲ್ಲಿ. ಹೆತ್ತವರ ನೋಡಿಗೊಂಬಲೆ ಸುರುವಾಣ ಎಂಟು ದಿನ ಒಬ್ಬ ನರ್ಸು ಮನಗೇ ಬತ್ತವು, ಅಲ್ಲ್ಯಾಣ ಕ್ರಮ ಅದು, ಒಳ್ಳೆ ಕ್ರಮ. ಅವು ಹೋದ ಮತ್ತೆ ಆನು, ಮಗಳು, ಬಾಬೆ, ಮೂರೇ ಜೆನ. ಅಳಿಯ° ಉದಿಯಪ್ಪಗ ಹೋದರೆ ಹೊತ್ತೋಪಗಳೇ ಬಪ್ಪದು. ಮಾರ್ಚಾದರೂ ಮುಗಿಲು ಮುಚ್ಚಿಗೊಂಡೇ ಇಕ್ಕು. ಮಳೆಯೋ, ನಮ್ಮ ಆಟಿ ಮಳೆಯ ಹಾಂಗೆ ಸುರಿತ್ತೂ ಇಲ್ಲೆ, ಬಿಡ್ತೂ ಇಲ್ಲೆ.

ಒಂದು ಶನಿವಾರ ಅಳಿಯ° ಸಂತೆಂದ ಒಂದು ಕಟ್ಟ ಟ್ಯುಲಿಪ್ ತಂದ°. ಕೆಂಪು, ಇನ್ನೂ ಮುಗುಟು. "ಎಷ್ಟಾತು?" ಹೇಳಿ ಕೇಳಿದೆ. ಯುರೋವಿನ ರುಪಾಯಿ ಮಾಡಿ ನೋಡಿಕ್ಕಿ, "ಇಷ್ಟರಲ್ಲಿ ಎಂಗೊಗೆ ಊರಿಲ್ಲಿ ನಾಲ್ಕು ದಿನದ ನೆಟ್ಟಿಕಾಯಿ ಬಕ್ಕು" ಹೇಳಿದೆ. ಮಗಳು ಎಂತದೂ ಹೇಳಿದ್ದಿಲ್ಲೆ. ಅಗಲ ಬಾಯಿಯ ಕುಪ್ಪಿ ಒಂದರಲ್ಲಿ ಕಂಠ ಮಟ್ಟ ನೀರು ತುಂಬ್ಸಿ, ಹೂಗಿನ ಹಾಕಿ, ಕಿಟಿಕಿಯ ಹತ್ರೆ ಹೀಟರಿನ ಮೇಗಾಣ ಹಲಗೆಲಿ ಬಾಳೆಹಣ್ಣಿನ ತಟ್ಟೆಯ ಕರೆಲಿ ಮಡಗಿತ್ತು.

ಮೂರನೇ ದಿನ ಉದಿಯಪ್ಪಗ ನೋಡಿರೆ ಹತ್ತು ಹೂಗೂ ತಲೆ ಅಡಿಯಂಗೆ ಹಾಕಿಗೊಂಡಿದ್ದು. ಮಗಳು ಬಾಬೆಯ ಹೆಗಲಿಲಿ ಹಾಕಿಗೊಂಡು ಅದರ ರಜ ಹೊತ್ತು ನೋಡಿತ್ತು. "ಅಮ್ಮಾ, ಎನಗೆ ಹೂಗಿನ ಒಳಿಶಲೂ ಅರಡಿತ್ತಿಲ್ಲೆ" ಹೇಳಿ ಕೂಗುಲೆ ಸುರು ಮಾಡಿತ್ತು.

ಆ "ಒಳಿಶಲೂ" ಹೇಳುವ ಮಾತು ಎನ್ನ ಕೆಮಿಲಿ ಈಗಳೂ ಇದ್ದು. ಹಾಲು ಸಾಲ, ಒರಕ್ಕಿಲ್ಲೆ, ಬಾಬೆಯ ತೂಕ ಏರಿದ್ದಿಲ್ಲೆ, ಇನ್ನು ಕೆಲಸಕ್ಕೆ ಹೋಪದು ಹೇಂಗೆ ಹೇಳುವ ಹೆದರಿಕೆ, ಎಲ್ಲವುದೆ ಆ ಹತ್ತು ಹೂಗಿನ ಮೇಲೆ ಬಂದು ಬಿದ್ದದು. ನೆಟ್ಟಿಕಾಯಿ ಲೆಕ್ಕ ಹೇಳಿದ ಎನ್ನ ನಾಲಗೆಯ ಕಚ್ಚಿಗೊಂಬ ಹಾಂಗೆ ಆತು.

ಹಾಂಗೆ ಆನು ಟ್ಯುಲಿಪ್ ನೋಡಿಗೊಂಬಲೆ ಕಲ್ತದು. ಕಲಿಶಿದ್ದು ನೆರೆಕರೆ ಅಜ್ಜಿ. ಎಂಬತ್ತು ಕಳುದ ಡಚ್ಚು ಅಜ್ಜಿ, ಎನ್ನ ಇಂಗ್ಲೀಷೂ ಅವರ ಇಂಗ್ಲೀಷೂ ಸೇರಿರೆ ಒಂದು ವಾಕ್ಯ ಅಪ್ಪದು ಕಷ್ಟ, ಬಾಕಿ ಎಲ್ಲ ಕೈಸನ್ನೆ. ಬಂದವು ಸುರುವಿಂಗೆ ಮಾಡಿದ್ದು ಎಂತರ ಗೊಂತಿದ್ದೋ? ಬಾಳೆಹಣ್ಣಿನ ತಟ್ಟೆಯ ತೆಗದು ಅಡಿಗೆಕೋಣಗೆ ಮಡಗಿದವು. ಹಣ್ಣಪ್ಪ ಹಣ್ಣಿಂದ ಎಥಿಲೀನ್ ಹೇಳುವ ಗ್ಯಾಸು ಬತ್ತು. ನಾವು ಕಾಯಿ ಬೇಗ ಹಣ್ಣಾಗಲಿ ಹೇಳಿ ಅಕ್ಕಿ ಡಬ್ಬಿಲಿ ಒಂದು ಹಣ್ಣಿನೊಟ್ಟಿಂಗೆ ಹುಗುದು ಮಡುಗುತ್ತಿಲ್ಲೆಯಾ, ಅದೇ ಸಂಗತಿ. ಕಾಯಿಯ ಹಣ್ಣು ಮಾಡುವ ಗಾಳಿ ಹೂಗಿನ ಮುದಿ ಮಾಡ್ತು.

ಮತ್ತೆ ಹೀಟರು. ಟ್ಯುಲಿಪ್ಪಿಂಗೆ ಬೆಶಿ ತಾಗಿರೆ ಅರಳುತ್ತು, ತಣ್ಪಾದರೆ ಪುನಃ ಮುಚ್ಚುತ್ತು. ಹೀಟರಿನ ಮೇಲೆ ಮಡಗಿರೆ ವಾರದ ಆಯುಷ್ಯ ಎರಡು ದಿನಲ್ಲೇ ಮುಗಿಗು. ಮನೆಲಿ ತಣ್ಪಿನ ಜಾಗೆ ಎಲ್ಲಿದ್ದೋ ಅಲ್ಲಿ ಮಡುಗೆಕ್ಕು. ಇರುಳಿಂಗೆ ಎಂಗೊ ಕುಪ್ಪಿಯ ಮೆಟ್ಲು ಕರೆಂಗೆ ಮಡುಗಿಗೊಂಡಿತ್ತಿದ್ದೆಯೊ°.

ತಲೆ ಹಾಕಿದ ಹೂಗಿನ ಕಸವಿಂಗೆ ಹಾಕಲೆ ಅಜ್ಜಿ ಬಿಟ್ಟಿದವಿಲ್ಲೆ. ಅದರ ಏಳ್ಸುವ ಕ್ರಮ ಹೀಂಗೆ. ದಂಟಿನ ಬುಡ ಎರಡು ಸೆಂಟಿಮೀಟರಿನಷ್ಟು ಹರಿತದ ಪೀಶಕತ್ತಿಲಿ ಕೊರದು ತೆಗೆಯೆಕ್ಕು. ಮೊಂಡು ಕತ್ತರಿ ಆಗ, ಅದು ದಂಟಿನ ಚಪ್ಪಟೆ ಮಾಡ್ತು, ನೀರು ಏರ್ತಿಲ್ಲೆ. (ನಮ್ಮ ಮೆಟ್ಟುಕತ್ತಿ ಇದ್ದಿದ್ದರೆ ಹೇಳಿ ಆನು ಅಲ್ಲಿ ದಿನಕ್ಕೆ ಹತ್ತು ಸರ್ತಿ ಗ್ರೇಶಿದ್ದೆ, ಹೂಗಿಂಗೆ ಮಾತ್ರ ಅಲ್ಲ.) ನೀರಿಲ್ಲಿ ಮುಂಗುವ ಸೊಪ್ಪಿನ ಕಿತ್ತು ತೆಗವದು, ಇಲ್ಲದ್ದರೆ ಕೊಳೆತ್ತು. ಎಲ್ಲ ಹೂಗಿನ ತಲೆ ಸಮ ಮಾಡಿ ಹಿಡುದು ನ್ಯೂಸುಪೇಪರಿಲ್ಲಿ ಬಿಗಿಯಾಗಿ ಸುರುಟಿ, ಆಳ ಪಾತ್ರಲ್ಲಿ ತಣ್ಣೀರು ಹಾಕಿ, ಕಾಗತ ಸಮೇತ ಒಂದೆರಡು ಗಂಟೆ ನೆಟ್ಟಗೆ ನಿಲ್ಸುದು. ದಂಟು ಹೊಟ್ಟೆ ತುಂಬ ನೀರು ಕುಡುದು ಗಟ್ಟಿ ಅಪ್ಪಗ ಕಾಗತ ಹಿಡುದ ಹಾಂಗೇ ನಿಲ್ಲುತ್ತು. ಮಲ್ಲಿಗೆಗೆ ಬಾಳೆಲೆ, ಇದಕ್ಕೆ ಪೇಪರು. ಎರಡು ಗಂಟೆ ಕಳುದು ಬಿಡುಸಿ ನೋಡಿರೆ ಹತ್ತರಲ್ಲಿ ಎಂಟು ಎದ್ದು ನಿಂದಿದು! ಮಗಳು ಆ ದಿನ ಮಜ್ಜಾನಕ್ಕೆ ಎರಡು ಸರ್ತಿ ಅಶನ ಹಾಕ್ಸಿಗೊಂಡತ್ತು.

ಮತ್ತೆ ಮಡುಗುಲೆ ಎತ್ತರದ, ಬಾಯಿ ಸಣ್ಣ ಕುಪ್ಪಿ ಬೇಕು, ದಂಟಿನ ಅರ್ಧಂದ ಮೇಗಂಗೆ ಬಪ್ಪಾಂಗಿಪ್ಪದು. ಅಗಲ ಬಾಯಿ ಆದರೆ ಹೂಗು ನಾಲ್ಕು ದಿಕ್ಕಿಂಗೆ ಮಾಲುಗು. ನೀರು ನಾಲ್ಕು ಬೆರಳು ಸಾಕು, ಆದರೆ ಉದಿಯಪ್ಪಗ ಹೊತ್ತೋಪಗ ನೋಡೆಕ್ಕು, ಕರವ ದನದ ಹಾಂಗೆ ಕುಡಿತ್ತು. ಎರಡು ದಿನಕ್ಕೊಂದರಿ ಕುಪ್ಪಿ ತೊಳದು ಹೊಸ ನೀರು. ಡ್ಯಾಫೊಡಿಲ್ ಹೇಳುವ ಅರಶಿನ ಹೂಗಿನ ಇದರೊಟ್ಟಿಂಗೆ ಹಾಕಲಾಗ, ಅದರ ದಂಟಿಂದ ಲೋಳೆ ಬಿಟ್ಟು ಟ್ಯುಲಿಪ್ ಹಾಳಾವುತ್ತು.

ವಾಟ್ಸಾಪಿಲಿ ಬಪ್ಪ ಉಪಾಯಂಗೊ ಬೇರೆ ಇದ್ದು. ಸಕ್ಕರೆ ಹಾಕಿ ಹೇಳ್ತವು. ಬರೀ ಸಕ್ಕರೆ ಹಾಕಿರೆ ನೀರು ನಾರುಗು, ಅಷ್ಟೆ. ತಾಮ್ರದ ಪೈಸೆ ಹಾಕಿ ಹೇಳ್ತವು. ಈಗಾಣ ಐದು ಸೆಂಟಿನ ಪೈಸೆಲಿ ಒಳ ಇಪ್ಪದು ಉಕ್ಕು, ಮೇಗೆ ಮಾತ್ರ ತಾಮ್ರ. ಇನ್ನೊಂದು, ಹೂಗಿನ ಕೊರಳಿನ ಅಡಿಲಿ ಸೂಜಿ ಕುತ್ತಿ ಒಟ್ಟೆ ಮಾಡಿರೆ ನೆಟ್ಟಗೆ ನಿಲ್ಲುಗಡ. ತುಂಬ ಜೆನ ಮಾಡ್ತವಡ. ನಿಂಗೊಗೆ ಮಾಡೆಕ್ಕಾರೆ ಮಾಡಿ, ಎನಗೆ ಮನಸ್ಸು ಬಾರ.

ಎಂತಕೆ ಹೇಳಿರೆ, ಈ ಹೂಗು ಬಗ್ಗುಲೆ ಎರಡು ಕಾರಣ ಇದ್ದು, ಎರಡನ್ನೂ ನಾವು ಒಂದೇ ಹೇಳಿ ತಿಳ್ಕೊಳ್ತು. ಒಂದು, ನೀರು ಸಾಲದ್ದೆ ಬಾಡುದು. ಅದರಲ್ಲಿ ದಂಟು ಮೆತ್ತಂಗೆ ಆವುತ್ತು, ಸೊಪ್ಪೂ ಜೋಲುತ್ತು. ಅದಕ್ಕೆ ಪೇಪರಿನ ಮದ್ದು. ಇನ್ನೊಂದು ಬಾಡುದೇ ಅಲ್ಲ. ಟ್ಯುಲಿಪ್ಪಿನ ಕೊಯ್ದ ಮತ್ತೆಯೂ ದಂಟು ಬೆಳೆತ್ತು! ಗುಲಾಬಿ, ಸೇವಂತಿಗೆ ಹಾಂಗೆ ಬೆಳೆತ್ತಿಲ್ಲೆ. ಆನು ನಂಬಿದ್ದಿಲ್ಲೆ, ಕುಪ್ಪಿಯ ಬಾಯಿಯ ಮಟ್ಟಕ್ಕೆ ಒಂದು ದಂಟಿಂಗೆ ನೂಲು ಕಟ್ಟಿ ನೋಡಿದೆ. ನೂಲಿಂದ ಮೇಗೆ ಇಪ್ಪ ಭಾಗ ಐದು ದಿನಲ್ಲಿ ಎರಡು ಬೆರಳು ಉದ್ದ ಆಯಿದು. ಬೆಳವಗ ಬೆಣಚ್ಚಿನ ಹೊಡೆಂಗೆ ತಿರುಗುತ್ತು, ಹೂಗಿನ ಭಾರಕ್ಕೆ ಬಾಗುತ್ತು. ದಂಟು ಮುಟ್ಟಿ ನೋಡಿರೆ ಗಟ್ಟಿಯೇ ಇರ್ತು. ಬೇಕಾರೆ ದಿನಕ್ಕೊಂದರಿ ಕುಪ್ಪಿಯ ತಿರುಗ್ಸಿ ಮಡುಗಿ, ರಜ ಸರಿ ಅಕ್ಕು. ಪೂರ ನೆಟ್ಟಗೆ ನಿಲ್ಲ. ಜೀವ ಇದ್ದು ಹೇಳಿ ಬಗ್ಗುದಕ್ಕೆ ಸೂಜಿ ಕುತ್ತುದೋ? ಅಂಗಡಿ ಪಟಲ್ಲಿ ಕಾಂಬ ಹಾಂಗೆ ಕೋಲಿನ ಹಾಂಗೆ ನಿಲ್ಲೆಕ್ಕು ಹೇಳಿ ಆರು ನಿಘಂಟು ಮಾಡಿದ್ದು?

ಆ ಅಜ್ಜಿ ಸಣ್ಣಾದಿಪ್ಪಗ, 1944-45ರ ಚಳಿಗಾಲಲ್ಲಿ, ಯುದ್ಧಂದಾಗಿ ತಿಂಬಲೆ ಎಂತದೂ ಸಿಕ್ಕದ್ದೆ ಆ ದೇಶದವು ಟ್ಯುಲಿಪ್ ಗೆಡ್ಡೆಯನ್ನೇ ಬೇಶಿ ತಿಂದಿದವು. ಅವರ ಮನೆಲಿಯೂ ತಿಂದಿದವಡ. ಕೈಲಿ ಗೆಡ್ಡೆಯ ಆಕಾರ ಮಾಡಿ, ಬಾಯಿಗೆ ಹಾಕಿದಾಂಗೆ ಮಾಡಿ, ಮೋರೆ ಹುಳಿ ಮಾಡಿ ತೋರ್ಸಿದವು. (ಈಗ ಆರೂ ತಿಂದು ನೋಡೆಡಿ, ಅದರಲ್ಲಿ ವಿಷದ ಅಂಶ ಇದ್ದು.) ಅಷ್ಟು ಹಶು ಕಂಡವು ಪ್ರತಿ ವಾರ ಒಂದು ಕಟ್ಟ ಹೂಗು ತತ್ತವು. ಒಬ್ಬನೇ ಇಪ್ಪ ಮನಗೆ.

ಇನ್ನು ಪೈಸೆ ಲೆಕ್ಕ. ಎಪ್ರಿಲು ಅಕೇರಿಗೆ ಎಂಗೊ ಬಾಬೆಯ ಕಟ್ಟಿಗೊಂಡು ಲಿಸ್ಸೆ ಹೇಳುವಲ್ಲಿ ಇಪ್ಪ ಕೊಕೆನ್‌ಹಾಫ್ ತೋಟಕ್ಕೆ ಹೋದೆಯೊ°. ವರ್ಷಲ್ಲಿ ಎಂಟು ವಾರ ಮಾತ್ರ ತೆಗದಿಪ್ಪ ತೋಟ, ಅದಕ್ಕೆ ನೆಡುದು 70 ಲಕ್ಷ ಗೆಡ್ಡೆ. ಚೆಂದ ಹೇಳಿ ಮುಗಿಯ, ಅದರ ಬರವಲೆ ಹೆರಟರೆ ಬೇರೆಯೇ ಲೇಖನ ಅಕ್ಕು. ಎನಗೆ ತಲೆಲಿ ಒಳುದ್ದು ದಾರಿಲಿ ಕಂಡ ಒಂದು ಗೆದ್ದೆ. ಒಂದು ಮಿಷನು ಅರಳಿದ ಹೂಗಿನ ತಲೆಯ ಮಾತ್ರ ಕಡುದು ಕಡುದು ಹೋಪದು! ಗೆದ್ದೆಲಿ ಬೆಳವದು ಗೆಡ್ಡೆಗೆ ಬೇಕಾಗಿ. ಹೂಗು ಒಳುದರೆ ಸತ್ವ ಅದಕ್ಕೆ ಹೋವ್ತು ಹೇಳಿ ಅದರ ತೆಗದು ಗೆಡ್ಡೆಯ ತೋರ ಮಾಡುದಡ. ಕುಪ್ಪಿಲಿ ಮಡುಗುವ ಹೂಗಿನ ಗಾಜಿನ ಮನೆಲಿ ಬೇರೆಯೇ ಬೆಳೆಶುದು. ಹೊಟ್ಟೆಯ ಒಳ ಒಂದರಿ ಚುಳ್ಳನೆ ಆತು. ಕೋಟಿಗಟ್ಲೆ ವ್ಯಾಪಾರಕ್ಕೆ ಅಷ್ಟು ಹೂಗು ಮಣ್ಣಿಂಗೆ ಬೀಳುವಗ ದಂಡ ಹೇಳಿ ಆರೂ ಹೇಳ್ತವಿಲ್ಲೆ.

ಅಲ್ಲ್ಯಾಣದ್ದು ಎಂತಕೆ, ನಮ್ಮದೇ ಜೆಂಬ್ರಂಗಳ ನೋಡಿ. ಸ್ಟೇಜಿಂಗೆ ಜೆರ್ಬೆರಾ, ಕಾರ್ನೇಶನ್ ಹೇಳಿ ಬೆಂಗಳೂರಿಂದ ತರುಸಿ, ಹಸುರು ಸ್ಪಂಜಿಂಗೆ ಕುತ್ತಿ, ಎರಡು ಗಂಟೆ ಪಟ ತೆಗದು, ಮರದಿನ ಉದಿಯಪ್ಪಗ ಹಾಲಿನ ಹಿಂದೆ ರಾಶಿ ಹಾಕುತ್ತವು. ಆ ಪೈಸೆಲಿ ಎನ್ನ ಮಗಳು ಎಷ್ಟು ವರ್ಷ ಹೂಗು ತಕ್ಕು! ಅಂಬಗ ನಾವೆಲ್ಲ "ಲಾಯ್ಕಾಯಿದು" ಹೇಳಿ ಉಂಡಿಕ್ಕಿ ಬತ್ತು. ಒಬ್ಬ ಹೆಮ್ಮಕ್ಕ ತನಗೆ ಬೇಕು ಹೇಳಿ ಒಂದು ಕಟ್ಟ ಹೂಗು ತಂದರೆ ಮಾತ್ರ ಲೆಕ್ಕ ಕೇಳುದು. ಆನು ದೇವರ ಹೂಗು ಬೇಡ ಹೇಳ್ತಿಲ್ಲೆ. ದೇವರಿಂಗೆ ಕೊಯ್ವಗ ಒಂದು ದಂಟು ಹೆಚ್ಚು ಕೊಯ್ದರೆ ದೇವರು ಪಿಸುರು ಮಾಡುಗೋ?

ಮಗಳು ಈಗ ಕೆಲಸಕ್ಕೆ ಹೋವ್ತು. ಚಳಿಗಾಲ ಸುರುವಾದರೆ ಶನಿವಾರ ಒಂದು ಕಟ್ಟ ಟ್ಯುಲಿಪ್ ಇದ್ದೇ ಇದ್ದು. ಎನಗೆ ಪಟ ಕಳುಸುದು ತಂದ ದಿನ ಅಲ್ಲ, ಐದನೇ ದಿನ, ಎಲ್ಲವುದೆ ಕಿಟಿಕಿ ಹೊಡೆಂಗೆ ಬಗ್ಗಿದ ಮತ್ತೆ. ಜೆಂಬ್ರಲ್ಲಿ ನಿಂಗೊ ನೋಡಿದ್ದು ಅದೇ ಪಟ, ಅತ್ತೆ.

ಊರಿಂಗೆ ಬಂದ ಮತ್ತೆ ಆನೂ ಒಂದು ಹಳೇ ಹಾರ್ಲಿಕ್ಸ್ ಕುಪ್ಪಿ ತೊಳದು ಮಡಗಿದ್ದೆ. ಟ್ಯುಲಿಪ್ ನಮ್ಮ ಸೆಕೆಗೆ ಆಗ, ಸುಗಂಧರಾಜದ ಎರಡು ದಂಟು, ಕೆಲವು ಸರ್ತಿ ಬರೀ ಕ್ರೋಟನ್ ಸೊಪ್ಪು. ಬುಡ ಕೊರದು, ಅಡಿ ಸೊಪ್ಪು ತೆಗದು, ಹಣ್ಣಿನ ತಟ್ಟೆಂದ ದೂರ, ಕ್ರಮ ಎಲ್ಲ ಅದೇ. ಸುರುವಾಣ ದಿನ ಎಂಗಳ ಮನೆಯವು ಚಾಯ ಕುಡಿವಲೆ ಬಂದವು, "ಇದು ಆರಿಂಗೆ?" ಹೇಳಿ ಕೇಳಿದವು. "ಎನಗೆ" ಹೇಳಿದೆ. ರಜ ಹೊತ್ತು ನೋಡಿದವು. ಮತ್ತೆ ಕುಪ್ಪಿಯ ತೆಗದು ಫೇನಿನ ಗಾಳಿ ತಾಗದ್ದ ಹೊಡೆಂಗೆ ನೂಕಿ ಮಡಗಿದವು.