ಅಳೆದು ನೋಡುವ ಅಪ್ಪ, ಬಾಯಿಪಾಠದ ಮಗಳು

ಪೀಣ್ಯದ ಯಾವುದಾದರೂ ವರ್ಕ್‌ಶಾಪಿನಲ್ಲಿ ಲೇತಿನ ಮುಂದೆ ನಿಂತ ಕೆಲಸಗಾರನನ್ನು ಗಮನಿಸಿ. ಕಡೆದು ತೆಗೆದ ಲೋಹದ ತುಂಡು ಸರಿಯಾಗಿದೆಯೆಂದು ಪಕ್ಕದವನು ಹೇಳಿದರೆ ಆತ ಒಪ್ಪುವುದಿಲ್ಲ. ವರ್ನಿಯರ್ ಕ್ಯಾಲಿಪರ್ ಹಿಡಿದು ತಾನೇ ಅಳೆಯುತ್ತಾನೆ. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಕಾರಣ ಹುಡುಕುತ್ತಾನೆ. ಟೂಲ್ ಸವೆದಿದೆಯೆ? ಚಕ್ ಸಡಿಲವಾಗಿದೆಯೆ? ಅದೇ ವ್ಯಕ್ತಿ ಸಂಜೆ ಮನೆಗೆ ಬಂದು ಏಳನೆಯ ತರಗತಿಯ ಮಗಳಿಗೆ ಹೇಳುವುದೇನು? "ಗೈಡಿನಲ್ಲಿರೋದನ್ನ ಹಾಗೇ ಬಾಯಿಪಾಠ ಮಾಡಮ್ಮ. ಏಕೆ, ಹೇಗೆ ಅಂತ ಕೂತರೆ ಮಾರ್ಕ್ಸ್ ಬರಲ್ಲ."

ಆತನನ್ನು ದೂರುವಂತಿಲ್ಲ. ಅಂಕ ಕಡಿಮೆಯಾದರೆ ಮಗಳೂ ತನ್ನಂತೆ ಪಾಳಿ ಕೆಲಸಕ್ಕೆ ನಿಲ್ಲಬೇಕಾದೀತೆಂಬ ಅಂಜಿಕೆ ಅವನದು. ಆದರೆ ಆ ಮನೆಯ ಅನ್ನ ದುಡಿದು ತರುತ್ತಿರುವುದು ಬಾಯಿಪಾಠವಲ್ಲ, ಅಳೆದು ನೋಡುವ ಬುದ್ಧಿ.

ಶಾಲೆ ಈ ಬುದ್ಧಿಯನ್ನು ಬೆಳೆಸಬಲ್ಲದೆ? ಕರ್ನಾಟಕದಲ್ಲೇ ಅಂಥ ಪ್ರಯತ್ನ ನಡೆದಿದೆ. ೧೯೯೫ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳ ಪದ್ಧತಿಯನ್ನು ಕಂಡು ಬಂದರು. ಮರಳಿ ಬಂದವರು ತಾವೇ ಕುಳಿತು ಕಲಿಕೆಯ ಕಾರ್ಡುಗಳನ್ನು ರೂಪಿಸಿದರು. ಹಾಗೆ ಹುಟ್ಟಿದ 'ನಲಿ-ಕಲಿ' ೨೦೦೯-೧೦ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು.

ಇಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಗುಂಪುಗಳಾಗಿ ಒಟ್ಟಿಗೆ ಕೂರುತ್ತಾರೆ. ಪಾಠವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದಿರುತ್ತಾರೆ. ತಾನು ಯಾವ ಮೆಟ್ಟಿಲಲ್ಲಿರುವೆನೆಂದು 'ಕಲಿಕಾ ಏಣಿ'ಯಲ್ಲಿ ಮಗುವೇ ನೋಡಿಕೊಂಡು ತನ್ನ ಕಾರ್ಡು ತೆಗೆದುಕೊಳ್ಳುತ್ತದೆ. ಕೆಲವಕ್ಕೆ ಶಿಕ್ಷಕರ ನೆರವು, ಕೆಲವಕ್ಕೆ ಗೆಳೆಯರ ನೆರವು. ಉಳಿದವನ್ನು ತಾನೇ ಮಾಡಬೇಕು. ಹತ್ತು ದಿನ ಶಾಲೆ ತಪ್ಪಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಕೂಲಿಗಾಗಿ ಊರು ಬಿಟ್ಟು ಪೀಣ್ಯಕ್ಕೋ ವೈಟ್‌ಫೀಲ್ಡಿಗೋ ಬಂದವರ ಮಕ್ಕಳಿಗೆ ಇದು ಸಣ್ಣ ಸಂಗತಿಯಲ್ಲ.

ಆದರೆ ನಾಲ್ಕನೆಯ ತರಗತಿಗೆ ಕಾಲಿಟ್ಟೊಡನೆ ಏಣಿ ಮರೆಯಾಗುತ್ತದೆ. ಎಲ್ಲರಿಗೂ ಒಂದೇ ಪುಟ, ಒಂದೇ ಉತ್ತರ. ಅಲ್ಲಿಂದ ಮುಂದೆ ಸ್ವಂತ ಯೋಚನೆಯನ್ನು ಉಳಿಸಬಲ್ಲದ್ದು ಮಗುವಿನ ಪ್ರಶ್ನೆಯೊಂದೇ.

ಪ್ರಶ್ನೆಯ ಬೆಲೆಯನ್ನು ಬೆಂಗಳೂರಿಗೆ ತೋರಿಸಿಕೊಟ್ಟವರು ಡಾ. ಎಚ್. ನರಸಿಂಹಯ್ಯ. ೧೯೩೫ರಲ್ಲಿ ಹೈಸ್ಕೂಲು ಸೇರಲು ಗೌರಿಬಿದನೂರು ಕಡೆಯಿಂದ ನಡೆದೇ ಬಂದ ಬಡ ಹುಡುಗ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ೧೯೬೨ರಲ್ಲಿ ಅವರು ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ವಿಜ್ಞಾನಿಗಳ ಉಪನ್ಯಾಸವನ್ನು ಜನಸಾಮಾನ್ಯರ ಬಳಿಗೆ ತಂದಿತು. ೧೯೭೬ರಲ್ಲಿ ಪವಾಡಗಳನ್ನೂ ಪರೀಕ್ಷಿಸಿ ನೋಡೋಣವೆಂದು ಸಮಿತಿ ರಚಿಸಿದಾಗ ದೊಡ್ಡ ವಿವಾದವೇ ಎದ್ದಿತು. ಪ್ರಶ್ನಿಸುವುದು ಉದ್ಧಟತನವಲ್ಲ, ವಿದ್ಯೆಯ ಮೊದಲ ಹೆಜ್ಜೆ ಎಂಬ ನಿಲುವನ್ನು ಅವರು ಬಿಡಲಿಲ್ಲ.

ಮತ್ತೆ ಪೀಣ್ಯದ ಮನೆಗೆ ಬರೋಣ. ಭಿನ್ನರಾಶಿಯ ಭಾಗಾಕಾರದಲ್ಲಿ ಎರಡನೆಯ ಸಂಖ್ಯೆಯನ್ನು ತಲೆಕೆಳಗು ಮಾಡುವುದೇಕೆಂದು ಮಗಳು ಕೇಳುತ್ತಾಳೆ. "ಸುಮ್ನೆ ಮಾಡು" ಎನ್ನುವುದು ಸುಲಭ. ಅದರ ಬದಲು ಅಪ್ಪ ತಟ್ಟೆಯಲ್ಲಿನ ಅರ್ಧ ರೊಟ್ಟಿಯನ್ನು ಅವಳ ಕಡೆ ಸರಿಸಿ, "ಇದರಲ್ಲಿ ಕಾಲು ರೊಟ್ಟಿಗಳು ಎಷ್ಟಿವೆ? ಮುರಿದು ನೋಡು" ಎನ್ನಬಹುದು. ಎರಡು! ಇಡೀ ರೊಟ್ಟಿಯಲ್ಲಿ ನಾಲ್ಕು, ಅರ್ಧದಲ್ಲಿ ನಾಲ್ಕರ ಅರ್ಧ. ತಲೆಕೆಳಗಾದ ನಾಲ್ಕು ಎಲ್ಲಿಂದ ಬಂತೆಂದು ಅವಳಿಗೇ ಹೊಳೆಯುತ್ತದೆ.

ಕಾರ್ಖಾನೆಯಲ್ಲಿ ದಿನವಿಡೀ ಮಾಡುವುದನ್ನೇ ಅಪ್ಪ ಮನೆಯಲ್ಲೂ ಒಮ್ಮೆ ಮಾಡಿದರೆ ಸಾಕು.